ಕಪಾಲ ಗುಹೆಯ ಎರಡು ಭಂಡಾರಗಳು

ಹಳೆಯ ಪುಸ್ತಕ ಮಾರುವವರಿಗೆ ಒಂದು ಗುಟ್ಟು ಗೊತ್ತು. ಮುಂಬಯಿಯ ಫ್ಲೋರಾ ಫೌಂಟನ್ ಬಳಿಯ ಕಾಲುದಾರಿಯಲ್ಲಾಗಲಿ, ಹೈದರಾಬಾದಿನ ಆಬಿಡ್ಸ್‌ನ ಭಾನುವಾರದ ಸಂತೆಯಲ್ಲಾಗಲಿ, ಇಂದ್ರಜಾಲ ಕಾಮಿಕ್ಸಿನ ಒಂದು ಸಂಚಿಕೆ ಕಣ್ಣಿಗೆ ಬಿದ್ದರೆ ಐವತ್ತು ದಾಟಿದ ಗಿರಾಕಿ ಚೌಕಾಸಿಯನ್ನೇ ಮರೆಯುತ್ತಾನೆ. ಮುಖಪುಟದಲ್ಲಿ ಮುಸುಕುಧಾರಿ ಫ್ಯಾಂಟಮ್ ಇದ್ದರಂತೂ ಬೆಲೆ ಹೇಳುವ ಅಧಿಕಾರವೆಲ್ಲ ಮಾರುವವನದೇ. ಈ ವ್ಯಾಮೋಹವನ್ನು ಬಾಲ್ಯದ ಹಂಬಲವೆಂದು ನಕ್ಕು ಬಿಡುವುದು ಸುಲಭ. ಆದರೆ ಕೊಂಡವರ ಮೇಲೆ ಒಂದು ಹೊಣೆಯೂ ಬೀಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಫ್ಯಾಂಟಮ್ ಹುಟ್ಟಿದ್ದು 1936ರ ಫೆಬ್ರವರಿ 17ರಂದು, ಅಮೆರಿಕದ ದಿನಪತ್ರಿಕೆಗಳ ಚಿತ್ರಪಟ್ಟಿಯಾಗಿ. ಕತೆ ಲೀ ಫಾಕ್ ಅವರದು, ಮೊದಲ ಚಿತ್ರಗಳು ರೇ ಮೂರ್ ಅವರವು. ಸೂಪರ್‌ಮ್ಯಾನ್ ಕಾಣಿಸಿಕೊಳ್ಳಲು ಇನ್ನೂ ಎರಡು ವರ್ಷ ಬಾಕಿಯಿತ್ತು. ಮೈಗಂಟಿದ ಉಡುಪು, ಪಾಪೆ ಕಾಣದ ಕಣ್ಣಿನ ಮುಖವಾಡ ಮುಂತಾಗಿ ಮುಂದೆ ಎಷ್ಟೋ ವೀರರು ತೊಟ್ಟ ವೇಷವನ್ನು ಮೊದಲು ತೊಟ್ಟವರಲ್ಲಿ ಇವನೊಬ್ಬ. ಆ ಉಡುಪಿನ ಬಣ್ಣವೂ ದೇಶಕ್ಕೊಂದು: ಅಮೆರಿಕದಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಸಂಗ್ರಾಹಕರಿಗೆ ಇಂತಹ ವ್ಯತ್ಯಾಸಗಳೇ ಹಬ್ಬ.

ಆದರೂ ಇವನ ಆಕರ್ಷಣೆ ವೇಷದಲ್ಲಿಲ್ಲ. ಇವನಿಗೆ ಹಾರಲು ಬಾರದು, ಗುಂಡು ತಗಲಿದರೆ ಸಾಯುತ್ತಾನೆ. 1536ರಲ್ಲಿ ಕಡಲ್ಗಳ್ಳರ ದಾಳಿಗೆ ತಂದೆಯನ್ನು ಕಳೆದುಕೊಂಡು ದಡ ಸೇರಿದ ಯುವಕನೊಬ್ಬ ತಂದೆಯ ಹಂತಕನ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡುತ್ತಾನೆ. ಅಂದಿನಿಂದ ತಂದೆ ಮಡಿದಾಗ ಮಗ ಅದೇ ಮುಖವಾಡ ಧರಿಸುತ್ತಾನೆ. ನಾವು ಓದುವವನು ಇಪ್ಪತ್ತೊಂದನೆಯವನು. ಕಾಡಿನವರು ಮಾತ್ರ ಅವನನ್ನು ಸಾವಿಲ್ಲದವನೆಂದೇ ನಂಬಿದ್ದಾರೆ. ವ್ಯಕ್ತಿ ಹೋಗುತ್ತಾನೆ, ಹುದ್ದೆ ಉಳಿಯುತ್ತದೆ ಎಂಬುದು ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಹೊಸ ಮಾತಲ್ಲ. ಆ ಒಣ ಸತ್ಯವನ್ನು ಪುರಾಣವಾಗಿಸಿದ್ದು ಫಾಕ್ ಅವರ ಪ್ರತಿಭೆ.

ಭಾರತದಲ್ಲಿ ಈ ಪುರಾಣ ಮನೆಮನೆಗೆ ತಲುಪಿದ್ದು 1964ರ ಮಾರ್ಚಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮೂಲಕ. 1990ರವರೆಗೆ ಅದು ಇಂಗ್ಲಿಷಿನಲ್ಲಿಯೂ ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿಯೂ ಬಂತು. ಹಿಂದಿಯವರಿಗೆ ಅವನು ವೇತಾಳ, ಬಂಗಾಳಿಗಳಿಗೆ ಅರಣ್ಯದೇವ. ಇಲ್ಲಿಗೆ ಬರುವಾಗ ಕತೆಗೂ ಕತ್ತರಿ ಬಿತ್ತು. ಮೂಲದಲ್ಲಿ ‘ಸಿಂಗ್’ ಎಂದಿದ್ದ ಕಡಲ್ಗಳ್ಳರ ಕೂಟ ‘ಸಿಂಗಾ’ ಆಯಿತು, ಬಂಗಾಳವನ್ನು ನೆನಪಿಸುತ್ತಿದ್ದ ‘ಬೆಂಗಾಲಾ’ ದೇಶ ‘ಡೆಂಕಾಲಿ’ಯಾಯಿತು. ಭಾರತೀಯ ಓದುಗನ ಮನಸ್ಸು ನೋಯದಿರಲೆಂಬ ಜಾಣ್ಮೆ ಇಲ್ಲಿ ಎದ್ದು ಕಾಣುತ್ತದೆ.

ಈ ಜಾಣ್ಮೆಯೇ ನಮ್ಮನ್ನು ಯೋಚನೆಗೆ ಹಚ್ಚಬೇಕು. ಹೆಸರು ಬದಲಾದರೂ ಕತೆಯ ತಿರುಳು ಬದಲಾಗಲಿಲ್ಲ. ಬಿಳಿಯನೊಬ್ಬ ತಲೆಮಾರುಗಳ ಕಾಲ ಕಾಡಿನ ಜನರ ರಕ್ಷಕನಾಗಿ, ಅವರ ಮುಗ್ಧ ನಂಬಿಕೆಯನ್ನೇ ಸಿಂಹಾಸನ ಮಾಡಿಕೊಂಡು ಕುಳಿತಿದ್ದಾನೆ. ವಸಾಹತು ಕಾಲದ ಈ ಕಲ್ಪನೆಯನ್ನು ಆಗತಾನೇ ಸ್ವತಂತ್ರವಾಗಿದ್ದ ದೇಶದ ಮಕ್ಕಳು ಎದೆಗಪ್ಪಿಕೊಂಡರು. ಯಾಕೆ? ಸುಲಭದ ಉತ್ತರವಿಲ್ಲ. ಆದರೆ ಪ್ರಶ್ನೆಯನ್ನು ಜೀವಂತವಾಗಿಡಲು ಮೂಲವೂ ಬೇಕು, ತಿದ್ದಿದ ಪ್ರತಿಯೂ ಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಓದುಗನೂ ಬೇಕು.

ಇಲ್ಲಿ ಸಂಗ್ರಾಹಕನ ಪಾತ್ರ ಬರುತ್ತದೆ. ಅಗ್ಗದ ಕಾಗದ, ತುಕ್ಕು ಹಿಡಿಯುವ ಪಿನ್ನು, ಪರೀಕ್ಷೆಯ ಹೊತ್ತಿಗೆ ರದ್ದಿಯವನನ್ನು ಕರೆಯುತ್ತಿದ್ದ ತಾಯಂದಿರು: ಇಷ್ಟನ್ನೂ ದಾಟಿ ಉಳಿದ ಸಂಚಿಕೆಗಳನ್ನು ಕಾಪಾಡಿದ ಕೀರ್ತಿ ಬಹುಪಾಲು ಖಾಸಗಿ ಕಪಾಟುಗಳಿಗೇ ಸಲ್ಲಬೇಕು. ಅದಕ್ಕೆ ನಾವು ಕೃತಜ್ಞರು. ಆದರೆ ಈಚೆಗೆ ಹಬ್ಬುತ್ತಿರುವ ಗೀಳು ಬೇರೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಸೇರಿದ ಸಂಚಿಕೆ ಮತ್ತೆ ತೆರೆಯುವುದಿಲ್ಲ. ಮಾತೆಲ್ಲ ಸ್ಥಿತಿಯದು, ಸಂಖ್ಯೆಯದು, ಮುಂದಿನ ಬೆಲೆಯದು. ಇಂಗ್ಲಿಷ್ ಪ್ರತಿಗೆ ಪೈಪೋಟಿ, ಕನ್ನಡದ ಪ್ರತಿಯನ್ನು ಕೇಳುವವರು ವಿರಳ.

ಇದಕ್ಕೆ ಉತ್ತರ ಫ್ಯಾಂಟಮ್‌ನ ಗುಹೆಯಲ್ಲೇ ಇದೆ. ಅಲ್ಲಿ ಎರಡು ಭಂಡಾರಗಳಿವೆ. ಮುತ್ತುರತ್ನ ತುಂಬಿದ್ದಕ್ಕೆ ಚಿಕ್ಕ ಭಂಡಾರವೆಂದು ಹೆಸರು, ಚರಿತ್ರೆಯ ಅಪೂರ್ವ ವಸ್ತುಗಳಿರುವುದಕ್ಕೆ ದೊಡ್ಡ ಭಂಡಾರವೆಂದು. ನಿಜವಾದ ಬೆಲೆ ಯಾವುದಕ್ಕೆಂದು ಓದುಗನಿಗೆ ತಿಳಿಯುತ್ತದೆ. ಇವೆರಡಕ್ಕಿಂತ ಮಿಗಿಲಾಗಿ ಅಲ್ಲಿ ದಪ್ಪ ದಿನಚರಿಗಳ ಸಾಲಿದೆ. ಪ್ರತಿ ಫ್ಯಾಂಟಮ್ ತನ್ನ ಕಾಲದ್ದನ್ನು ಬರೆದಿಡುತ್ತಾನೆ, ಹಿಂದಿನವರದ್ದನ್ನು ತೆಗೆದು ಓದುತ್ತಾನೆ. ಹುದ್ದೆ ಉಳಿದಿರುವುದು ಮುಖವಾಡದಿಂದ ಎಷ್ಟೋ, ಆ ಓದಿನಿಂದಲೂ ಅಷ್ಟೇ.

ನಮ್ಮ ಸಂಗ್ರಹಗಳು ಆ ದಿನಚರಿಯ ಸಾಲಿನಂತಾಗಲಿ. ಮೊದಲ ಹೆಜ್ಜೆ ದುಬಾರಿಯದೇನಲ್ಲ. ಹೊರನಾಡಿನಲ್ಲಿ ಚದುರಿಹೋಗಿರುವ ಕನ್ನಡಿಗರ ಮನೆಗಳಲ್ಲಿ ಯಾವ ಸಂಚಿಕೆ, ಯಾವ ವರ್ಷದ್ದು, ಯಾವ ಭಾಷೆಯದು ಇದೆಯೆಂಬ ಒಂದು ಪಟ್ಟಿ ಸಾಕು. ಮುಖಪುಟಗಳನ್ನು ಬರೆದ ಗೋವಿಂದ್ ಅವರಂತಹ ಕಲಾವಿದರ ಹೆಸರೂ, ಪತ್ತೆಯಾದರೆ ಅನುವಾದಕರ ಹೆಸರೂ ಅದರಲ್ಲಿ ಸೇರಲಿ. ಕನ್ನಡ ಸಂಘದ ಗ್ರಂಥಾಲಯದಲ್ಲಿ ಅದರ ಒಂದು ಪ್ರತಿ ಇರಲಿ. ಬಂದ ಮಕ್ಕಳಿಗೆ ಹರಿದದ್ದಾದರೂ ಒಂದು ಸಂಚಿಕೆ ಕೈಗೆ ಸಿಗಲಿ. ಹರಿದ ಪುಟವನ್ನು ಅಂಟಿಸಬಹುದು. ಯಾರೂ ಓದದ ಪುಟವನ್ನು ಏನು ಮಾಡಿಯೂ ಉಳಿಸಲಾಗದು.