ಮಾಯಾ ಮೇಲೆ ಹತ್ತಿದಳು, ಮರ ಹಾಗೇ ಇದೆ

ಉದ್ದದ ಪೋಸ್ಟು, ಪುರುಸೊತ್ತಿದ್ದಾಗ ಓದಿ.

ಹೋದ ಭಾನುವಾರ ನಮ್ಮ ಕಡೆಯ ಒಂದು ಹಾಸ್ಟೆಲ್ಲಿಗೆ ಮಕ್ಕಳಿಗೆ ಸಿನಿಮಾ ತೋರಿಸೋಕೆ ಹೋಗಿದ್ದೆ. ಪ್ರೊಜೆಕ್ಟರ್ ಗೆಳೆಯನದ್ದು, ಪರದೆ ಅಂದ್ರೆ ಗೋಡೆಗೆ ಮೊಳೆ ಹೊಡೆದು ಕಟ್ಟಿದ ಬಿಳಿ ಪಂಚೆ. ಮಕ್ಕಳದ್ದು ಕೆಜಿಎಫ್ ಹಾಕಿ ಅಂತ ಒಂದೇ ಹಟ. ನಾನು ಹಾಕಿದ್ದು ಡಿಸ್ನಿನೇಚರ್‌ನವರ 'ಮಂಕಿ ಕಿಂಗ್‌ಡಮ್'. ಇಂಗ್ಲಿಷಿನಲ್ಲಿ ಓಡ್ತಾ ಇತ್ತು, ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳ್ತಾ ಹೋದೆ.

ಡಿಸ್ನಿ ಕಂಪನಿ 2008ರಲ್ಲಿ ಕಾಡುಪ್ರಾಣಿಗಳ ಸಿನಿಮಾಕ್ಕೆಂದೇ ಶುರು ಮಾಡಿದ ಬ್ಯಾನರ್ ಇದು. ಚಿಂಪಾಂಜಿ, ಕರಡಿ, ಪೆಂಗ್ವಿನ್, ಆನೆ, ಹುಲಿ, ಎಲ್ಲದರ ಮೇಲೂ ಒಂದೊಂದು ಸಿನಿಮಾ ಆಗಿದೆ. ಬಹುಪಾಲು ಏಪ್ರಿಲ್ 22ರ ಭೂಮಿ ದಿನದ ಆಸುಪಾಸಿನಲ್ಲಿ ಬಿಡುಗಡೆ. ಅಜ್ಜಿಯಿಂದ ಮೊಮ್ಮಗುವರೆಗೆ ಮನೆಮಂದಿಯೆಲ್ಲ ಕೂತು ನೋಡಬಹುದು. ಬೇಟೆ ಇರುತ್ತೆ, ರಕ್ತ ಹೆಚ್ಚು ತೋರಿಸಲ್ಲ. ಪ್ರಾಣಿಗೊಂದು ಹೆಸರು, ಒಬ್ಬ ತಾಯಿ, ಒಂದು ಮರಿ, ಒಬ್ಬ ವಿಲನ್. ಕ್ಯಾಮೆರಾದವರ ತಾಳ್ಮೆಗೆ ಮಾತ್ರ ಕೈ ಮುಗೀಬೇಕು.

2015ರ ಈ ಸಿನಿಮಾ ತೆಗೆದಿದ್ದು ಶ್ರೀಲಂಕಾದ ಪೊಲೊನ್ನರುವದಲ್ಲಿ. ಹಳೇ ಪಾಳು ಊರಿನ ನಡುವೆ ಬದುಕೋ ಕೋತಿಗಳ ಗುಂಪು. ನಾಯಕಿಯ ಹೆಸರು ಮಾಯಾ. ಅವಳು ಹುಟ್ಟಿನಿಂದಲೇ ಕೀಳು ದರ್ಜೆಯವಳು. ಅತ್ತಿಯ ಜಾತಿಯ ಒಂದು ದೊಡ್ಡ ಮರ ಇದೆ. ತುದಿಯ ಕಳಿತ ಹಣ್ಣು ಮೇಲಿನವರಿಗೆ. ಮಾಯಾ ಬುಡದಲ್ಲಿ ಕೂತು ಮೇಲಿಂದ ಬಿದ್ದಿದ್ದನ್ನ ಆಯ್ದುಕೊಂಡು ತಿನ್ನಬೇಕು. ಮಳೆ ಬಂದ್ರೆ ಮೇಲಿನವರಿಗೆ ಆಸರೆ, ಇವಳಿಗೆ ನೆನೆಯೋದು.

ಅಲ್ಲಿವರೆಗೂ ಗಲಾಟೆ ಮಾಡ್ತಿದ್ದ ಮಕ್ಕಳು ಸುಮ್ಮನಾದ್ರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಮೆಲ್ಲಗೆ, "ಅಣ್ಣ, ನಮ್ಮೂರ ಕಟ್ಟೆ ಥರ ಐತೆ" ಅಂದ್ಲು.

ಗೊತ್ತಲ್ಲ ಯಾವ ಕಟ್ಟೆ ಅಂತ. ನಮ್ಮೂರಲ್ಲೂ ಅರಳಿಕಟ್ಟೆ ಇತ್ತು. ಅರಳಿಯೂ ಅತ್ತಿಯ ಕುಲದ ಮರವೇ. ನಮ್ಮಪ್ಪ ಅದರ ಕೆಳಗೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಕೂಲಿ ಲೆಕ್ಕ ಕೇಳ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಟ್ಟೆ ಮೇಲೆ ಮೂರು ಜನ, ಜಾಗ ಹತ್ತು ಜನಕ್ಕೆ.

ಆ ಹುಡುಗಿಯ ಮಾತಿಗೆ ನಾನು ಹೂಂ ಅಂದೆ, ಆದ್ರೆ ಒಳಗೆ ಭಯ ಆಯ್ತು. ಯಾಕಂದ್ರೆ ಇದೇ ಸಿನಿಮಾವನ್ನ ಕಟ್ಟೆ ಮೇಲಿನವರ ಮಕ್ಕಳೂ ಪಾಪ್‌ಕಾರ್ನ್ ಹಿಡ್ಕೊಂಡು ನೋಡಿರ್ತಾರೆ. "ನೋಡು, ಪ್ರಾಣಿಗಳಲ್ಲೂ ಮೇಲು ಕೀಳು ಇದೆ, ಇದು ಪ್ರಕೃತಿ ನಿಯಮ" ಅಂತ ಯಾರಾದರೂ ದೊಡ್ಡವರು ಪಕ್ಕದಲ್ಲಿ ಹೇಳಿದ್ರೆ ಮುಗೀತು. ಶತಮಾನಗಳಿಂದ ಶಾಸ್ತ್ರ ಹೇಳಿದ್ದನ್ನೇ ಈಗ ಕೋತಿ ಬಾಯಲ್ಲಿ ಹೇಳಿಸಿದಂಗೆ.

ಅದಕ್ಕೇ ಸಿನಿಮಾ ನಿಲ್ಲಿಸಿ ಮಕ್ಕಳಿಗೆ ಒಂದಿಷ್ಟು ಹೇಳಿದೆ. ಹೌದು, ಈ ಕೋತಿಗಳಲ್ಲಿ ತಾಯಿಯ ದರ್ಜೆ ಮಗಳಿಗೆ ಬರುತ್ತೆ. ಆದ್ರೆ ಮೇಲಿನ ಕೋತಿ ಕೆಳಗಿನ ಕೋತಿಯ ಕೈಯಿಂದಲೇ ಹೇನು ತೆಗೆಸಿಕೊಳ್ಳುತ್ತೆ, ಆಮೇಲೆ ಸ್ನಾನ ಮಾಡಲ್ಲ. ಒಂದೇ ಕೊಳದಲ್ಲಿ ನೀರು ಕುಡೀತವೆ. ಮಹಾಡದ ಚವದಾರ್ ಕೆರೆಯಲ್ಲಿ ದನ ನಾಯಿ ನೀರು ಕುಡೀಬಹುದಿತ್ತು, ನಾವು ಮುಟ್ಟೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದ ಮೇಲೆ, ಕೆರೆ ಶುದ್ಧ ಮಾಡ್ತೀವಿ ಅಂತ ಸಗಣಿ ಗಂಜಲ ಸುರಿದ್ರು. ಯಾವ ಕೋತಿ ಹಂಗೆ ಮಾಡುತ್ತೆ ಹೇಳಿ? ಸಿನಿಮಾದಲ್ಲಿ ಮಾಯಾಳ ಜೋಡಿ ಕುಮಾರನನ್ನ ಗುಂಪಿನಿಂದ ಓಡಿಸ್ತಾರೆ, ಅವನು ಮತ್ತೆ ಬರ್ತಾನೆ. ನಮ್ಮಲ್ಲಿ ಜಾತಿ ಮೀರಿ ಪ್ರೀತಿಸಿದ ಎಷ್ಟು ಹುಡುಗರು ವಾಪಸ್ ಬಂದಿದಾರೆ?

ಜಾತಿ ಮನುಷ್ಯರು ಮಾಡಿದ್ದು. ಅದರ ಪಾಪವನ್ನ ಕೋತಿ ತಲೆಗೆ ಕಟ್ಟಬೇಡಿ.

ಇನ್ನೊಂದು ವಿಷಯ. ಕ್ಯಾಮೆರಾ ತೋರಿಸಿದ್ದೆಲ್ಲ ಪ್ರಕೃತಿ ಅಂತ ನಂಬೋ ಮೊದಲು, ಇದೇ ಡಿಸ್ನಿಯ 1958ರ 'ವೈಟ್ ವೈಲ್ಡರ್‌ನೆಸ್' ನೆನಪಿಟ್ಟುಕೊಳ್ಳಿ. ಲೆಮ್ಮಿಂಗ್ ಅನ್ನೋ ಇಲಿಯಂಥ ಪ್ರಾಣಿಗಳು ತಾವಾಗೇ ಗುಂಪಾಗಿ ನೀರಿಗೆ ಹಾರಿ ಸಾಯ್ತವೆ ಅಂತ ಅದರಲ್ಲಿ ತೋರಿಸಿದ್ರು. ಆಸ್ಕರ್ ಕೂಡ ಬಂತು. ಆಮೇಲೆ ಗೊತ್ತಾಯ್ತು, ಹೊರಗಿಂದ ತಂದ ಪ್ರಾಣಿಗಳನ್ನ ಚಿತ್ರತಂಡದವರೇ ಬಂಡೆಯಿಂದ ಕೆಳಕ್ಕೆ ತಳ್ಳಿದ್ರು ಅಂತ. ತಳ್ಳಿದವನ ಕೈ ಚಿತ್ರದಲ್ಲಿಲ್ಲ, ಬಿದ್ದವನ ಸ್ವಭಾವವೇ ಹಂಗೆ ಅಂತ ಕಥೆ. ಇದು ನಮಗೆ ಹೊಸದಾ?

ಇವತ್ತಿನ ಡಿಸ್ನಿನೇಚರ್ ಹಂಗೆ ಮಾಡುತ್ತೆ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಬೇರೆ. 2024ರಲ್ಲಿ ಇವರದ್ದೇ 'ಟೈಗರ್' ಬಂತು, ನಮ್ಮ ದೇಶದ ಕಾಡಿನದ್ದು, ಪ್ರಿಯಾಂಕಾ ಚೋಪ್ರಾ ದನಿ. ಹೆಣ್ಣುಹುಲಿ ಅಂಬರ್, ಅದರ ಮರಿಗಳು. ಚೆಂದವಿದೆ. ಆದ್ರೆ ಇಂಥ ಸಿನಿಮಾಗಳ ಕಾಡಲ್ಲಿ ಜನ ಇರೋದೇ ಇಲ್ಲ. ಕಾಡು ಅಂದ್ರೆ ಖಾಲಿ ಅನ್ನೋ ಚಿತ್ರ ಮಕ್ಕಳ ತಲೆಗೆ ಹೋಗುತ್ತೆ. ನಾಗರಹೊಳೆಯಿಂದ ಒಕ್ಕಲೆಬ್ಬಿಸಿದ ಜೇನುಕುರುಬರು ಕೊಡಗಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಕೂಲಿಗಳಾದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಅಲೀತಿದಾರೆ. 2025ರ ಮೇನಲ್ಲಿ 50ಕ್ಕೂ ಹೆಚ್ಚು ಕುಟುಂಬ ಕರಡಿಕಲ್ಲು ಹಾಡಿಗೆ ವಾಪಸ್ ಹೋಗಿ ಗುಡಿಸಲು ಹಾಕಿದಾಗ ಎಷ್ಟು ವನ್ಯಜೀವಿ ಪ್ರೇಮಿಗಳು ಕಣ್ಣೀರಿಟ್ಟರು? ಮಾಯಾಗೆ ಅತ್ತವರೇ ಇವರನ್ನ ಒತ್ತುವರಿದಾರರು ಅಂತಾರೆ.

ಸಿನಿಮಾ ಕಥೆಗೆ ಬರ್ತೀನಿ. ಬೇರೆ ಗುಂಪು ದಾಳಿ ಮಾಡಿ ಬಂಡೆ ಕಿತ್ಕೊಳ್ಳುತ್ತೆ. ಮೇಲಿನವರಿಗೆ ಹಸಿವು ಹೊಸದು, ಮಾಯಾಗೆ ಅಲ್ಲ. ಎಲ್ಲಿ ಏನು ಸಿಗುತ್ತೆ ಅಂತ ಗೊತ್ತಿರೋದು ಅವಳಿಗೇ. ಕೊನೆಗೆ ಬಂಡೆ ವಾಪಸ್ ಸಿಗುತ್ತೆ, ಮಾಯಾ ಮಗನ ಜೊತೆ ಮರದ ತುದೀಲಿ ಹಣ್ಣು ತಿಂತಾಳೆ. ಮಕ್ಕಳು ಚಪ್ಪಾಳೆ, ಸಿಳ್ಳೆ. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ.

ಪಂಚೆ ಬಿಚ್ಚುವಾಗ ಅದೇ ಹುಡುಗಿ ಬಂದು ಕೇಳಿದ್ಲು, "ಅಣ್ಣ, ಮಾಯಾ ಮೇಲೆ ಹೋದ್ಮೇಲೆ ಕೆಳಗಡೆ ಯಾರು ಕೂತ್ಕೊಂಡ್ರು?"

ಸಿನಿಮಾ ಮಾಡಿದವರು ಆ ಕಡೆ ಕ್ಯಾಮೆರಾ ತಿರುಗಿಸಿಲ್ಲ. ನೌಕರಿ ಸಿಕ್ಕಿ ಊರು ಬಿಟ್ಟ ನಾನೂ ತುಂಬಾ ದಿನ ತಿರುಗಿ ನೋಡಿರಲಿಲ್ಲ. ಅವಳಿಗೆ ಅಷ್ಟನ್ನೇ ಹೇಳಿದೆ.

ಮುಂದಿನ ತಿಂಗಳು 'ಟೈಗರ್' ಹಾಕ್ತೀನಿ. ಅವತ್ತು ವಿವರಣೆ ನಾನು ಕೊಡಲ್ಲ, ಹಾಡಿಯಿಂದ ಒಬ್ಬ ಹಿರಿಯರನ್ನ ಕರ್ಕೊಂಡು ಬಂದು ಪರದೆ ಪಕ್ಕದಲ್ಲಿ ಕೂರಿಸ್ತೀನಿ, ಕುರ್ಚಿ ಹಾಕಿ. ಯಾರ ಹತ್ರಾದ್ರೂ ಒಳ್ಳೆ ಸ್ಪೀಕರ್ ಇದ್ರೆ ತಿಳಿಸಿ, ನಮ್ಮದು ಕೊರಕೊರ ಅಂತಿದೆ.