ಸೋಮಾರಿ ಎನ್ನಬೇಡಿ, ಕಾಳು ಆರಿಸಲು ಕೊಡಿ

‘ಹುಚ್ಚು ಬಿಡೋವರೆಗೆ ಮದುವೆ ಆಗೋದಿಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡೋದಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ನಗುತ್ತಾ ಹೇಳುತ್ತೇವೆ. ಮಾನಸಿಕ ಕಾಯಿಲೆಯಿಂದ ಎದ್ದು ಬಂದವರ ಪಾಲಿಗೆ ಈ ಗಾದೆ ಬೇರೆ ರೀತಿಯಲ್ಲಿ ನಿಜವಾಗಿದೆ. ಬುದ್ಧಿ ಚುರುಕಾಗುವವರೆಗೆ ಅವರಿಗೆ ಯಾರೂ ಕೆಲಸ ಕೊಡುವುದಿಲ್ಲ. ಕೆಲಸ ಸಿಗುವವರೆಗೆ ಬುದ್ಧಿ ಚುರುಕಾಗುವುದಿಲ್ಲ. ಈ ಗಂಟನ್ನು ಬಿಚ್ಚುವವರು ಯಾರು?

ನಮ್ಮ ನೀಲಗಿರಿ ಜಿಲ್ಲೆಯಲ್ಲಿ ಮಾತಿಗೆ ಬರವಿಲ್ಲ. ಗೂಡಲೂರು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ತಮಿಳು, ಮಲಯಾಳ, ಕನ್ನಡ, ಬಡಗ ಎಲ್ಲವೂ ಕಿವಿಗೆ ಬೀಳುತ್ತವೆ. ನನ್ನಂಥವನ ಮನೆಯಲ್ಲಿ ತೆಲುಗೂ ಉಂಟು. ಕನ್ನಡದ ಹುಚ್ಚು ತೆಲುಗಿನಲ್ಲಿ ಪಿಚ್ಚಿ, ತಮಿಳಿನಲ್ಲಿ ಪೈತ್ಯಂ, ಮಲಯಾಳದಲ್ಲಿ ಭ್ರಾಂತ್. ಆದರೆ ಹುಚ್ಚು ಇಳಿದ ಮೇಲೆ ಮಂಕಾಗಿ ಕೂತವನಿಗೆ ಎಲ್ಲರೂ ಕೊಡುವ ಹೆಸರು ಹೆಚ್ಚುಕಮ್ಮಿ ಒಂದೇ: ಕನ್ನಡದಲ್ಲಿ ಸೋಮಾರಿ, ತೆಲುಗಿನಲ್ಲಿ ಸೋಮರಿ, ತಮಿಳಿನಲ್ಲಿ ಸೋಂಬೇರಿ. ಬೈಯುವುದರಲ್ಲಿ ಮಾತ್ರ ನಮಗೆ ಗಡಿ ಇಲ್ಲ!

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತ, ಡಾಕ್ಟರಲ್ಲ. ಆದರೂ ತಿಳಿದವರಿಂದ ಕೇಳಿ, ಓದಿ ಅರ್ಥ ಮಾಡಿಕೊಂಡದ್ದು ಇಷ್ಟು. ಸ್ಕಿಜೋಫ್ರೀನಿಯಾ ಎಂಬ ಕಾಯಿಲೆಯಲ್ಲಿ ಇಲ್ಲದ ಮಾತು ಕೇಳಿಸುವುದು, ಸುಳ್ಳು ಸಂಶಯ ಬರುವುದು ಒಂದು ಭಾಗ. ಇದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ಮಾತ್ರೆಯಿಂದ ಸಾಕಷ್ಟು ಹತೋಟಿಗೂ ಬರುತ್ತದೆ. ಇನ್ನೊಂದು ಭಾಗ ಕಣ್ಣಿಗೆ ಬೀಳುವುದಿಲ್ಲ. ಗಮನ ನಿಲ್ಲುವುದಿಲ್ಲ, ಹೇಳಿದ್ದು ನೆನಪಿರುವುದಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂದು ಕೆಲಸ ಹೊಂದಿಸಿಕೊಳ್ಳಲು ಆಗುವುದಿಲ್ಲ. ಇದು ಕೂಡ ಕಾಯಿಲೆಯೇ, ಕೊಬ್ಬಲ್ಲ. ಇದರ ಮೇಲೆ ಮಾತ್ರೆಯ ಪ್ರಭಾವ ಬಹಳ ಕಡಿಮೆ. ಮಾತ್ರೆ ನುಂಗಿ ಶಾಂತವಾದ ಹುಡುಗ ಜಮೀನಿಗೆ ಹೋಗಿ ಪೈಪ್ ತಿರುಗಿಸುವುದನ್ನು ಮರೆತು ಬಂದರೆ, ‘ಬೇಕಂತಲೇ ಮಾಡ್ತಾನೆ’ ಅಂತ ಮನೆಯವರು ರೇಗುತ್ತಾರೆ. ಕಾಲು ಮುರಿದವನನ್ನು ಓಡು ಎಂದು ಬೈದ ಹಾಗಾಯಿತು.

ಮುರಿದ ಕಾಲಿಗೆ ಕಟ್ಟು ಬಿಚ್ಚಿದ ಮೇಲೆ ನಡಿಗೆಯ ಅಭ್ಯಾಸ ಮಾಡಿಸುತ್ತಾರೆ. ಹಾಗೆಯೇ ಯೋಚನಾಶಕ್ತಿಗೂ ಅಭ್ಯಾಸ ಮಾಡಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರಲ್ಲಿ ಬಹಳ ಕಾಲದಿಂದ ಕೆಲಸ ಮಾಡಿದೆ. ಅಲ್ಲಿನವರು ಬಳಸಿದ ಒಂದು ಅಭ್ಯಾಸ ಕೇಳಿದರೆ ನಮ್ಮ ಹೆಣ್ಣುಮಕ್ಕಳು ನಕ್ಕಾರು: ಬೆರೆಸಿದ ಕಾಳುಗಳನ್ನು ಬೇರೆ ಬೇರೆ ಮಾಡುವುದು! ಇನ್ನೊಂದು, ಪುಟದ ತುಂಬ ಇರುವ ಅಕ್ಷರಗಳಲ್ಲಿ ಹೇಳಿದ ಅಕ್ಷರವನ್ನಷ್ಟೇ ಹುಡುಕಿ ಹೊಡೆದುಹಾಕುವುದು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದಿಟ್ಟು, ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಹೊಸದಾಗಿ ಕಾಯಿಲೆ ಬಂದ 45 ಜನರ ಮೇಲೆ ಅಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಎರಡು ತಿಂಗಳು ಮನೆಯಲ್ಲೇ ಇಂಥ ಅಭ್ಯಾಸ ಮಾಡಿಸಿದ್ದರು. ಅವರ ಗಮನ ಮತ್ತು ಯೋಜನೆ ಹಾಕುವ ಶಕ್ತಿ ಸುಧಾರಿಸಿತು.

ಇದು ಮಂತ್ರವಲ್ಲ. ಲಂಡನ್ನಿನ ಟಿಲ್ ವೈಕ್ಸ್ ಅವರ ತಂಡ 2011ರಲ್ಲಿ ಬೇರೆ ಬೇರೆ ಕಡೆ ನಡೆದ 40 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಲಾಭ ಇದೆ, ಆದರೆ ಸಾಧಾರಣ ಪ್ರಮಾಣದ್ದು. ಈ ಅಭ್ಯಾಸದ ಜೊತೆಗೆ ಕೆಲಸ, ಪುನರ್ವಸತಿ ಸೇರಿದಾಗ ದಿನದ ಬದುಕಿನಲ್ಲಿ ಹೆಚ್ಚು ಫಲ ಕಂಡಿತು. ಬರೀ ಕಾಳು ಆರಿಸಿದರೆ ಕಾಳು ಆರಿಸುವುದಷ್ಟೇ ಬರುತ್ತದೆ. ಅಲ್ಲಿ ಕಲಿತ ಗಮನವನ್ನು ಹೊಲಕ್ಕೆ, ಅಂಗಡಿಗೆ ದಾಟಿಸಬೇಕು.

ನಮ್ಮ ಬಂಧುಗಳಲ್ಲೇ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ತಾಯಿ ಶಾಲೆಯ ಮುಖ ಕಂಡವರಲ್ಲ. ಮೊದಲು ಒಂದು ಪಾವು ಬೀನ್ಸ್ ಬೀಜ ಕೊಟ್ಟು ಹುಳುಕು ತೆಗೆಸಿದರು. ಆಮೇಲೆ ಕ್ಯಾರೆಟ್‌ನಲ್ಲಿ ದಪ್ಪ, ಸಣ್ಣ, ಸೀಳಿದ್ದು ಎಂದು ಮೂರು ಪಾಲು. ಮರೆಯದಿರಲೆಂದು ಗೋಡೆಗೆ ಚಿತ್ರ ಅಂಟಿಸಿದರು. ‘ನಿಧಾನ ಮಾಡು ಕಂದ, ಲಾರಿ ನಾಳೆ ಬರ್ತದೆ’ ಅನ್ನುತ್ತಿದ್ದರು. ವರ್ಷದ ಮೇಲೆ ಅವನು ಮೂಟೆ ಎಣಿಸಿ ಪುಸ್ತಕದಲ್ಲಿ ಬರೆಯತೊಡಗಿದ. ಇಂದಿಗೂ ಮಾತ್ರೆ ನಿಂತಿಲ್ಲ, ನಿಲ್ಲಿಸಲೂಬಾರದು. ಆದರೆ ಸಂಜೆ ಕೂಲಿ ಬಟವಾಡೆಯ ಹೊತ್ತಿಗೆ ಅವನ ಹೆಸರನ್ನೂ ಕರೆಯುತ್ತಾರೆ.

ತೋಟದವರು, ಮಂಡಿಯವರು ಗಮನಿಸಬೇಕಾದ್ದು ಇದನ್ನೇ. ಟೀ ಎಲೆ ಆರಿಸುವುದು, ಮೆಣಸು ಜರಡಿ ಹಿಡಿಯುವುದು, ಶುಂಠಿ ವಿಂಗಡಿಸುವುದು ಎಲ್ಲವೂ ಗಮನ ಬೇಡುವ ಕೆಲಸಗಳೇ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಮೊದಲ ತಿಂಗಳು ಅರ್ಧ ದಿನದ ಕೆಲಸ ಸಾಕು. ತಪ್ಪಾದರೆ ಬೈಯದೆ ಇನ್ನೊಮ್ಮೆ ತೋರಿಸಿ. ಮಾಡಿದ್ದಕ್ಕೆ ಸರಿಯಾದ ಕೂಲಿ ಕೊಡಿ. ‘ಅಭ್ಯಾಸ’ ಎಂಬ ನೆಪದಲ್ಲಿ ಬಿಟ್ಟಿ ದುಡಿಸಿಕೊಂಡರೆ ಅದು ಶೋಷಣೆ.

ಇನ್ನು ಪಾಲಿನ ಮಾತು. ‘ಅವನಿಗೆ ತಲೆ ಸರಿಯಿಲ್ಲ’ ಎಂದು ಒಡಹುಟ್ಟಿದವನ ಪಾಲನ್ನೇ ನುಂಗುವ ಮನೆಗಳು ನಮ್ಮಲ್ಲಿ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಸೇರಿಸಿಕೊಂಡಿದೆ. ಆಸ್ತಿ ಹೊಂದುವ ಹಕ್ಕು ಅವರಿಗೂ ಸಮಾನ ಎಂದು ಅದು ಹೇಳುತ್ತದೆ. ಲೆಕ್ಕ ನಿಧಾನವಾದರೆ ಹಕ್ಕು ಹೋಗುವುದಿಲ್ಲ.

ಸರ್ಕಾರದ ಪಾಲೂ ಇದೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹಬ್ಬಿತು. ದೊಡ್ಡಾಸ್ಪತ್ರೆಯ ಕೆಲಸವನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದೆಂದು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿಯೇ. ಯೋಚನಾಶಕ್ತಿಯ ಅಭ್ಯಾಸವೂ ಅದೇ ದಾರಿಯಲ್ಲಿ ಬರಲಿ. ಮಸಿನಗುಡಿಯಿಂದ ಊಟಿಗೆ ಹತ್ತಬೇಕಾದರೆ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು. ಕರ್ನಾಟಕದ ಕಡೆಗೆ ಹೊರಟರೆ ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ. ವಾರವಾರ ಅಭ್ಯಾಸಕ್ಕೆ ಅಷ್ಟು ದೂರ ಹೋಗಿಬರಲು ಕೂಲಿಯವರಿಗೆ ಸಾಧ್ಯವೇ?

ಆದ್ದರಿಂದ ಗೂಡಲೂರು, ಮಸಿನಗುಡಿಗಳಲ್ಲೇ ತಿಂಗಳಿಗೊಮ್ಮೆಯಾದರೂ ತರಬೇತಿ ಪಡೆದವರು ಬಂದು ಮನೆಯವರಿಗೆ ಈ ಅಭ್ಯಾಸ ಕಲಿಸುವಂತಾಗಬೇಕು. ಹಾಳೆ, ಚಿತ್ರ, ಸೂಚನೆ ತಮಿಳಿನ ಜೊತೆಗೆ ಕನ್ನಡದಲ್ಲೂ ಬೇಕು. ಅಕ್ಷರ ಹುಡುಕು ಎಂದು ಗುರುತಿಲ್ಲದ ಲಿಪಿ ಕೊಟ್ಟರೆ ಅದು ಅಭ್ಯಾಸವಲ್ಲ, ಶಿಕ್ಷೆ. ಓದು ಬಾರದವರಿಗೆ ಕಾಳು ಇದ್ದೇ ಇದೆ. ಅದಕ್ಕೆ ಲಿಪಿಯೂ ಇಲ್ಲ, ರಾಜ್ಯವೂ ಇಲ್ಲ.

ಅಲ್ಲಿಯವರೆಗೆ ಸಲಹೆ ಬೇಕಾದವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ. ಕನ್ನಡ, ತಮಿಳು, ತೆಲುಗು, ಮಲಯಾಳದಲ್ಲೂ ಮಾತಾಡುತ್ತಾರೆ. ಎರಡೂ ರಾಜ್ಯದ ಅಧಿಕಾರಿಗಳು ಈ ಗಡಿಮೂಲೆಯತ್ತ ಗಮನ ಹರಿಸಲಿ. ನಾವಂತೂ ಕಾಯುತ್ತ ಕೂರುವುದು ಬೇಡ. ಡಾಕ್ಟರನ್ನು ಕೇಳಿಕೊಂಡು, ನಾಳೆ ಬೆಳಿಗ್ಗೆ ಒಂದು ಮೊರ, ಒಂದು ಪಾವು ಕಾಳಿನಿಂದಲೇ ಶುರು ಮಾಡೋಣ.