ಡೈ ಸವೆದರೆ ಪಗಾರಕ್ಕೇಕೆ ಕತ್ತರಿ?

ವೆರ್ಣಾ, ಕುಂಡಯಿಯಂಥ ಗೋವಾದ ಕೈಗಾರಿಕಾ ವಸಾಹತುಗಳಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ದುಡಿಯಲು ಬರುವುದು ಹೊಸದೇನಲ್ಲ. ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಎಲ್ಲೇ ನಡೆಯಲಿ, ಮಷಿನ್ ಮುಂದೆ ನಿಂತವರ ದೂರು ಒಂದೇ: ‘ಮಾಲು ಡೈಗೆ ಅಂಟತೈತ್ರಿ.’ ಅಂಟಿದ ಪೀಸಿನ ಮೈ ಹರಿದು ಬರುತ್ತದೆ, ರಿಜೆಕ್ಟ್ ಆಗುತ್ತದೆ. ತಪ್ಪು ಆಪರೇಟರನದು ಅಂತ ಹೇಳಿಬಿಡುವುದು ಸುಲಭ. ಆದರೆ ಅದು ಸರಿಯೇ?

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಹಾಗಾದರೆ ಉಕ್ಕಿನ ಡೈಗೆ ಏನಾದೀತು ಅನ್ನಬಹುದು. ಉಪ್ಪನ್ನೇ ನೋಡಿ. ಬೆಂಕಿಯಲ್ಲಿ ಅದು ಕರಗಲು 801 ಡಿಗ್ರಿ ಬೇಕು, ತಣ್ಣೀರಿನಲ್ಲಿ ಸುಮ್ಮನೆ ಕರಗಿಹೋಗುತ್ತದೆ. ಕಾದ ಅಲ್ಯೂಮಿನಿಯಂ ರಸದಲ್ಲಿ ಕಬ್ಬಿಣವೂ ಹಾಗೆಯೇ ಕರಗುತ್ತದೆ. ಎರಡೂ ಕೂಡಿ ಡೈ ಮೇಲೆ ಗಡುಸಾದ ಪದರ ಕಟ್ಟುತ್ತದೆ, ಮುಂದಿನ ಶಾಟ್ ಅದಕ್ಕೇ ಅಂಟುತ್ತದೆ. ರಸ ರಭಸದಿಂದ ನುಗ್ಗುವ ಗೇಟಿನ ಹತ್ತಿರ ಸವೆತ ಇನ್ನೂ ಬೇಗ.

ಇದಕ್ಕೆ ಉಪಾಯಗಳಿವೆ. ಎಚ್13ನಂಥ ಒಳ್ಳೆಯ ಉಕ್ಕು, ನೈಟ್ರೈಡಿಂಗ್, ಕ್ರೋಮಿಯಂ ನೈಟ್ರೈಡ್ ಲೇಪ, ಡೈ ತಂಪಾಗಿಡುವ ನೀರಿನ ಲೈನು, ಸಮಯಕ್ಕೆ ಸರಿಯಾಗಿ ಪಾಲಿಶ್. ಮಿಶ್ರಲೋಹದಲ್ಲಿ ಶೇ 1ರ ಆಸುಪಾಸು ಕಬ್ಬಿಣ ಇರಿಸುವುದೂ ಡೈ ಉಳಿಸಲಿಕ್ಕೇ. ಇವೆಲ್ಲ ಟೂಲ್‌ರೂಮ್ ಮತ್ತು ಆಫೀಸಿನ ನಿರ್ಧಾರಗಳು. ಆಪರೇಟರನ ಕೈಯಲ್ಲಿರುವುದು ಸರಿಯಾಗಿ ಸ್ಪ್ರೇ ಹೊಡೆಯುವುದು, ಅಂಟಿದ ಕೂಡಲೇ ತಿಳಿಸುವುದು, ಅಷ್ಟೇ.

ಹೀಗಿರುವಾಗ ರಿಜೆಕ್ಷನ್ ಆಯಿತೆಂದು ಅವನ ಪಗಾರ ಹಿಡಿಯುವುದು ನ್ಯಾಯವಲ್ಲ. ಕಾನೂನೂ ಒಪ್ಪುವುದಿಲ್ಲ. ನಷ್ಟ ನೇರವಾಗಿ ಕಾರ್ಮಿಕನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಕಡಿತಕ್ಕೆ ಮುಂಚೆ ಅವನ ಮಾತು ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ. ಗುತ್ತಿಗೆ ಕಾರ್ಮಿಕನಿಗೂ ಇದು ಅನ್ವಯ.

ಮಾಲೀಕರು ಪ್ರತಿ ಡೈಗೂ ಶಾಟ್ ಲೆಕ್ಕ ಇಟ್ಟು, ಪಾಲಿಶ್‌ಗೆ ದಿನ ಗೊತ್ತುಮಾಡಲಿ. ಟಾರ್ಗೆಟ್ ನೆಪದಲ್ಲಿ ಸವೆದ ಡೈ ಓಡಿಸುವುದು ಬೇಡ. ನಮ್ಮ ಹುಡುಗರೂ ಅವಸರಕ್ಕೆ ಚಾಲೂ ಮಷಿನ್ನಿನೊಳಗೆ ಉಳಿ ಹಿಡಿದು ಕೈ ಹಾಕಬಾರದು. ಮಾಲು ಅಂಟಿದರೆ ಮಷಿನ್ ನಿಲ್ಲಿಸಿ, ಹೊತ್ತು ಸಮೇತ ಶಿಫ್ಟ್ ರಿಜಿಸ್ಟರಿನಲ್ಲಿ ಬರೆಯಿರಿ. ನಾಳೆ ಪಗಾರದ ಪ್ರಶ್ನೆ ಬಂದಾಗ ಆ ಒಂದು ಸಾಲೇ ನಿಮ್ಮ ಸಾಕ್ಷಿ.